ಹೆಸರು ಕೇಳುವ ಫೋನು

ಸುಕನ್ಯಾಳಿಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ? ಕೊಟ್ಟೂರಿನ ಕಾಲೇಜಿನಲ್ಲಿ ತನ್ನ ನೋಟ್ಸ್ ಓದಿ ಪಾಸಾದ ಕೂಡ್ಲಿಗಿಯ ದುರ್ಗಾದೇವಿ ಎಐ ಕಂಪನಿ ಸೇರಿದ್ದಾಳೆ ಎಂದರೆ ಯಾರಿಗಾದರೂ ಉರಿಯದೆ ಇದ್ದೀತೇ? ಇಬ್ಬರೂ ಓದಿದ್ದು ಕನ್ನಡ. ಇಬ್ಬರಿಗೂ ಕೋಡಿಂಗ್ ಅಂದರೆ ಏನೆಂದು ಗೊತ್ತಿಲ್ಲ. ಅದೇ ಕಂಪನಿಗೆ ಸುಕನ್ಯಾಳೂ ಅರ್ಜಿ ಹಾಕಿದ್ದಳು. ಇವಳಿಗೆ ಉತ್ತರವೇ ಬರಲಿಲ್ಲ, ಅವಳಿಗೆ ಲ್ಯಾಪ್‌ಟಾಪೇ ಬಂತು!

ಕೆಲಸವಾದರೂ ಎಂಥದ್ದು? ಹಳ್ಳಿಯ ಹೆಂಗಸರು ಫೋನಿನ ಜೊತೆ ಬಾಯಲ್ಲೇ ಮಾತಾಡಿ ಸರ್ಕಾರದ ಯೋಜನೆಗಳನ್ನು ತಿಳಿದುಕೊಳ್ಳುವ ಆ್ಯಪ್ ಒಂದು ತಯಾರಾಗುತ್ತಿತ್ತು. ಫೋನು ಏನು ಕೇಳಬೇಕು, ಹೇಗೆ ಕೇಳಬೇಕು ಎಂದು ಗೊತ್ತುಮಾಡುವವಳು ದುರ್ಗಾದೇವಿ.

"ಅಷ್ಟು ಮಾಡಾಕ ನನಗ ಬರ್ತಿರಲಿಲ್ಲೇನ್ರಿ?" ಎಂದು ಸುಕನ್ಯಾ ಗಂಡನ ಮುಂದೆ ದಿನಾ ಗೊಣಗುತ್ತಿದ್ದಳು.

ಆ್ಯಪನ್ನು ಮೊದಲು ಪರೀಕ್ಷೆ ಮಾಡುವುದು ಹಿರೇಹಡಗಲಿಯಲ್ಲಿ ಎಂದಾಯಿತು. "ಅಕ್ಕಾ, ನೀನೂ ಬಾ. ನಮ್ಮ ಸಾಹೇಬ್ರು ಬರ್ತಾರ" ಎಂದು ದುರ್ಗಾದೇವಿ ಕರೆದಳು. ಮೆರೆಯುವುದಕ್ಕೇ ಕರೆದಿದ್ದಾಳೆ ಅಂದುಕೊಂಡಳು ಸುಕನ್ಯಾ. ಆದರೂ ಇಸ್ತ್ರಿ ಸೀರೆ ಉಟ್ಟು ಹೊರಟಳು. ಆ ಹುಡುಗಿ ಎಡವಿದರೆ ಆ ಕುರ್ಚಿ ತನಗೇ ಸಿಕ್ಕೀತು ಎಂಬ ಆಸೆ ಬೇರೆ ಇತ್ತಲ್ಲ!

ಬಸ್ಸಿನಲ್ಲಿ ದುರ್ಗಾದೇವಿ ಲ್ಯಾಪ್‌ಟಾಪ್ ತೆರೆದು ಸುಕನ್ಯಾಳ ತೊಡೆಯ ಮೇಲಿಟ್ಟಳು. "ಇವು ಫೋನು ಕೇಳೋ ಪ್ರಶ್ನಿ. ಒಂದ್ಸಲ ಕಣ್ಣಾಡಿಸಕ್ಕಾ, ತಪ್ಪಿದ್ರ ಈಗ್ಲೇ ತಿದ್ದತೀನಿ."

ನಿಮ್ಮ ಹೆಸರೇನು? ಯಾವ ಊರು? ನಿಮ್ಮ ಗಂಡನ ಹೆಸರು ಹೇಳಿ.

ಸುಕನ್ಯಾಳ ಕಣ್ಣು ಅಲ್ಲೇ ನಿಂತಿತು. ಗಂಡನ ಹೆಸರು ಬಾಯಿಬಿಟ್ಟು ಹೇಳುವುದೇ? ರೇಷನ್ ಅಂಗಡಿಯಲ್ಲಿ ಕೇಳಿದಾಗಲೂ ಪಕ್ಕದವರ ಮುಖ ನೋಡಿ ಅವರಿಂದ ಹೇಳಿಸಿದವಳು ಅವಳು. ಹಿರೇಹಡಗಲಿಯ ಹೆಂಗಸರಂತೂ ಸತ್ತರೂ ಹೇಳುವವರಲ್ಲ. ಇನ್ನೂ ಮದುವೆಯಾಗದ ದುರ್ಗಾದೇವಿಗೆ ಇದು ಹೊಳೆದೇ ಇಲ್ಲ!

ಹೇಳಲು ಬಾಯಿ ತೆರೆದಳು. ಮರುಕ್ಷಣವೇ ಒಳಗಿನ ಉರಿ ಬಾಯಿ ಮುಚ್ಚಿಸಿತು. ಮಾಡಿಕೊಳ್ಳಲಿ, ಸಾಹೇಬರ ಮುಂದೆಯೇ ಮುಖಭಂಗವಾಗಲಿ.

"ಎಲ್ಲಾ ಚೊಲೋ ಐತಿ ಬಿಡು" ಎಂದಳು.

ಹಿರೇಹಡಗಲಿಯಲ್ಲಿ ಗಿಡ್ಡಮ್ಮನ ಮನೆಯ ಕಟ್ಟೆಯ ಮೇಲೆ ಹೆಂಗಸರು ಸೇರಿದರು. ಕಂಪನಿಯ ಸಾಹೇಬ ಪ್ರವೀಣಕುಮಾರ್ ಎದುರಿಗೇ ಕೂತಿದ್ದ. ಫೋನು ಮೊದಲು ಗಿಡ್ಡಮ್ಮನ ಕೈಗೆ ಬಂತು. ಹೆಸರು ಹೇಳಿದಳು, ಊರು ಹೇಳಿದಳು. ಮೂರನೆಯ ಪ್ರಶ್ನೆಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಯವ್ವಾ! ಇದೇನ್ ಕೇಳತೈತಿ ನೋಡ್ರೇ!"

"ಕ್ಷಮಿಸಿ, ಕೇಳಿಸಲಿಲ್ಲ. ನಿಮ್ಮ ಗಂಡನ ಹೆಸರು ಹೇಳಿ" ಎಂದಿತು ಫೋನು.

"ನಮ್ಮನಿಯವ್ರು ಅಂತ ಬರ್ಕೊ."

"ಧನ್ಯವಾದ. ನಿಮ್ಮ ಗಂಡನ ಹೆಸರು ನಮ್ಮನಿಯವ್ರು. ಸರಿಯೇ?"

ಕಟ್ಟೆಯೆಲ್ಲ ನಗೆ. ಎರಡನೆಯವಳು ಫೋನು ಮುಟ್ಟಲೇ ಇಲ್ಲ. ಮೂರನೆಯವಳು ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಎದ್ದಳು. ನೋಡನೋಡುತ್ತ ಕಟ್ಟೆ ಖಾಲಿಯಾಯಿತು. ದುರ್ಗಾದೇವಿಯ ಮುಖ ಸಪ್ಪಗಾಗಿದ್ದನ್ನು ಕಂಡು ಸುಕನ್ಯಾಳಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

"ತಪ್ಪು ನಂದು ಸರ್" ಎಂದಳು ದುರ್ಗಾದೇವಿ.

"ಇರಲಿ ಬಿಡಮ್ಮ, ಇಂಥವು ಸಿಗಲಿ ಅಂತಲೇ ಪರೀಕ್ಷೆ ಮಾಡೋದು. ತಿದ್ದಿದರಾಯ್ತು" ಎಂದ ಪ್ರವೀಣಕುಮಾರ್, ಸುಕನ್ಯಾಳ ಕಡೆ ತಿರುಗಿದ. "ಮೇಡಂ, ನಮ್ಮಲ್ಲಿ ಇನ್ನೊಂದು ಜಾಗ ಖಾಲಿ ಇದೆ. 'ನನ್ನ ಕಣ್ಣಿಗೆ ಬೀಳದ್ದನ್ನ ಸುಕನ್ಯಕ್ಕ ಹಿಡೀತಾಳ, ಅವಳನ್ನೇ ತಗೋರಿ' ಅಂತ ಇವಳು ಬೆನ್ನು ಹತ್ತಿದ್ದಳು. ಅದಕ್ಕೇ ಕರೆಸಿದ್ದು. ಬಸ್ಸಿನಲ್ಲಿ ಪ್ರಶ್ನೆಗಳನ್ನ ನೀವೂ ನೋಡಿದ್ರಂತೆ. ಇದು ಹೊಳೀಲಿಲ್ವಾ ನಿಮಗೆ?"

ಸುಕನ್ಯಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೊಳೆದಿತ್ತು ಎಂದರೆ ಬೇಕೆಂದೇ ಮುಚ್ಚಿಟ್ಟೆ ಎಂದು ಒಪ್ಪಿಕೊಂಡಂತೆ. ಹೊಳೆಯಲಿಲ್ಲ ಎಂದರೆ ಆ ಜಾಗದ ಆಸೆ ಬಿಟ್ಟಂತೆ.

"ನಾನ ಗಡಿಬಿಡಿ ಮಾಡಿದ್ನಿ ಸರ್" ಎಂದು ದುರ್ಗಾದೇವಿ ನಡುವೆ ಬಂದಳು. "ಅಕ್ಕಗ ಸರಿಯಾಗಿ ನೋಡಾಕ ಬಿಡ್ಲೇ ಇಲ್ಲ. ಹೌದಲ್ಲಕ್ಕಾ?"

ಸುಕನ್ಯಾ ಅವಳ ಮುಖ ನೋಡಲಿಲ್ಲ.

"ಇಲ್ರಿ ಸರ್, ಹೊಳೀಲಿಲ್ರಿ" ಎಂದಳು.