ಹೆಂಡತಿ ಸಮುದ್ರಕ್ಕೆ ಹೊರಟಿದ್ದು

ನನ್ನ ಹೆಂಡತಿ ಸುಮನಾ ಸೈಕಲ್ ತುಳಿದುಕೊಂಡು ಘಟ್ಟ ಇಳಿದು ಸಮುದ್ರ ನೋಡಲು ಹೊರಟಿದ್ದಾಳೆ ಎಂಬ ಸುದ್ದಿ ನನಗೆ ಅವಳಿಂದ ಬರಲಿಲ್ಲ, ನಮ್ಮವ್ವ ಕಾಶಮ್ಮನಿಂದ ಬಂತು. ಅದೂ ನಾನು ಊಟಕ್ಕೆ ಕೂತು ಮುದ್ದೆ ಮುರಿಯುತ್ತಿದ್ದಾಗ.

“ಓಂಕಾರಿ, ನಿನ್ ಹೆಂಡ್ತಿ ದಸರಾ ರಜಕ್ಕೆ ಸೈಕಲ್ನಾಗೆ ಸಮುದ್ರಕ್ಕೆ ಹೋಗ್ತಾಳಂತೆ ಕಣೋ. ನಾಕ್ ದಿನದ್ ದಾರಿ ಅಂತೆ. ಜೊತೆಗೆ ಇನ್ನಿಬ್ರು ಬತ್ತಾರಂತೆ.”

“ಓಹೋ” ಎಂದೆ. ಮುದ್ದೆ ಸಾರಿಗೆ ಅದ್ದಿ ನುಂಗಿದೆ. ಸುಮನಾ ತುಪ್ಪದ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ನಾನು ಏನಾದರೂ ಅನ್ನುತ್ತೇನೋ ಎಂದು ನೋಡಿದಳು. ನಾನು ಅನ್ನಲಿಲ್ಲ. ತುಪ್ಪ ಬಡಿಸಿ ಒಳಗೆ ಹೋದಳು.

ಹೊಟ್ಟೆ ಉರಿಯಿತು. ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ನನಗೆ ಹೊಟ್ಟೆಕಿಚ್ಚಾಯಿತು.

ಯಾಕೆಂದರೆ ಅಜ್ಜಂಪುರದಲ್ಲಿ ಯಾರಿಗೇ ಆಗಲಿ ದಾರಿ ತಿಳಿಯಬೇಕಾದರೆ ಬರುವುದು ನನ್ನ ಹತ್ತಿರ. ನಾನು ಈರುಳ್ಳಿ ವ್ಯಾಪಾರದವನು. ವಯಸ್ಸಿನಲ್ಲಿ ಲಾರಿಗಳ ಜೊತೆ ಕೂತು ಕುಂದಾಪುರ, ಭಟ್ಕಳ, ಮಂಗಳೂರು ಅಂತ ತಿರುಗಿದವನು. ಧರ್ಮಸ್ಥಳಕ್ಕೆ ಹೊರಟವರು, ಹೆಣ್ಣು ನೋಡಲು ತೀರ್ಥಹಳ್ಳಿಗೆ ಹೊರಟವರು, ಎಲ್ಲರೂ ನಮ್ಮ ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಎಲ್ಲಿ ತಿರುಗಬೇಕು, ಎಲ್ಲಿ ತಿಂಡಿ ಚೆನ್ನಾಗಿರುತ್ತದೆ ಎಂದು ಕೇಳಿಕೊಂಡೇ ಹೋಗುವುದು. ಈಗ ಫೋನೇ ದಾರಿ ತೋರಿಸುತ್ತದೆ, ನಿಜ. ಆದರೂ ಬರುತ್ತಾರೆ. ಸುಮನಾ ಅಂತೂ ತವರಿಗೆ ಹೋಗುವಾಗಲೂ “ರೀ, ಬೀರೂರಲ್ಲಿ ಇಳಿದು ಬಸ್ ಹಿಡೀಲಾ, ರೈಲಲ್ಲೇ ಹೋಗ್ಲಾ?” ಎಂದು ಕೇಳುತ್ತಿದ್ದಳು. ಅವಳ ತವರು ಕಡೂರು. ಹುಟ್ಟಿ ಬೆಳೆದ ಊರಿನ ದಾರಿಯನ್ನೂ ನನ್ನನ್ನು ಕೇಳಿ ಹೋಗುತ್ತಿದ್ದವಳು ಈಗ ಘಟ್ಟ ದಾಟುವ ದಾರಿಯನ್ನು ನನ್ನನ್ನು ಕೇಳಲಿಲ್ಲ.

ಇನ್ನೊಂದು ಸಂಗತಿಯೂ ಇದೆ. ಸುಮನಾ ಸಮುದ್ರ ನೋಡಿಲ್ಲ. ಮದುವೆಯಾದ ಹೊಸದರಲ್ಲೇ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದಿದ್ದೆ. ಅವಳು ಪ್ರೈಮರಿ ಸ್ಕೂಲಿನ ಟೀಚರು. ಅವಳಿಗೆ ರಜ ಸಿಗುವುದು ದಸರೆಗೆ, ನನಗೆ ಈರುಳ್ಳಿ ಬರುವುದೂ ಅದೇ ಹೊತ್ತಿಗೆ. ಬೇಸಿಗೆ ರಜದಲ್ಲಿ ನಂಟರ ಮದುವೆಗಳು. ಪ್ರತಿ ವರ್ಷ “ಈ ಸಲ ಆಗ್ಲಿಲ್ಲ, ಬರೋ ವರ್ಷ” ಎನ್ನುತ್ತಿದ್ದೆ. ಅವಳೂ “ಆಯ್ತು” ಎನ್ನುತ್ತಿದ್ದಳು. ಆದರೆ ತೋರಿಸುವವನು ನಾನೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ದೂರದಿಂದ ಗಾಳಿಯ ವಾಸನೆ ಬದಲಾದಾಗ “ನೋಡ್ತಿರು, ಈಗ ಕಾಣುತ್ತೆ” ಎಂದು ಹೇಳುವವನು ನಾನು ಎಂದುಕೊಂಡಿದ್ದೆ.

ಸೈಕಲ್ ಬಂದದ್ದು ಮಂಡಿನೋವಿನ ನೆಪದಲ್ಲಿ. ಡಾಕ್ಟರು ಸೈಕಲ್ ತುಳಿಯಿರಿ ಎಂದರು, ಗೇರಿನ ಸೈಕಲ್ ಕೊಡಿಸಿದವನು ನಾನೇ. ಮೊದಲು ಸ್ಕೂಲಿಗೆ ತುಳಿದಳು. ಆಮೇಲೆ ಭಾನುವಾರಗಳಂದು ಬೀರೂರಿನವರೆಗೂ ಹೋಗತೊಡಗಿದಳು. ಅಲ್ಲಿ ಅವಳಿಗೆ ಇಬ್ಬರು ಸಿಕ್ಕರು. ಒಬ್ಬಳು ಸ್ಫೂರ್ತಿ, ಬೀರೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಹುಡುಗಿ. ಇನ್ನೊಬ್ಬ ಶಶಿಧರ, ಕಡೂರಿನಲ್ಲಿ ಕಾಲೇಜು ಮೇಷ್ಟ್ರು, ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಹಳದಿ ಕನ್ನಡಕ, ಮೈಗಂಟುವ ಬಟ್ಟೆ. ಒಮ್ಮೆ ನಮ್ಮ ಮನೆಗೂ ಬಂದಿದ್ದ. ಕಾಫಿಗೆ ಸಕ್ಕರೆ ಬೇಡ ಎಂದ. ಅಷ್ಟಕ್ಕೇ ಅವನು ನನಗೆ ಸೇರಲಿಲ್ಲ.

ಅವನ ಮೇಲೆ ನನಗೆ ಬೇರೆ ಥರದ ಅನುಮಾನವೇನೂ ಇರಲಿಲ್ಲ. ಇದ್ದಿದ್ದರೆ ಒಂದು ಜಗಳ ಆಡಿ ಮುಗಿಸಿಬಿಡುತ್ತಿದ್ದೆ. ನನ್ನ ಸಂಕಟ ಅದಕ್ಕಿಂತ ಕೆಟ್ಟದ್ದು. ಅವಳು ಅವನ ಹತ್ತಿರ ದಾರಿ ಮಾತಾಡುತ್ತಿದ್ದಳು. ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತ ಫೋನು ಕಿವಿಗೆ ಸಿಕ್ಕಿಸಿಕೊಂಡು “ಲಕ್ಕವಳ್ಳಿ ಮೇಲೆ ಹೋದ್ರೆ ಕಾಡು ರಸ್ತೆ ಅಲ್ವಾ ಸರ್… ಹ್ಞೂಂ… ಹಾಗಾದ್ರೆ ಬೆಳಕಿರೋವಾಗ್ಲೇ ದಾಟೋಣ” ಎನ್ನುವಳು. ನಾನು ಒಳಗೆ ಟೀವಿಯ ಸದ್ದು ಕಡಿಮೆ ಮಾಡಿ ಕಿವಿ ನಿಮಿರಿಸಿಕೊಂಡು ಕೂತಿರುತ್ತಿದ್ದೆ. ಮನೆಯೊಳಗೆ ಒಬ್ಬ ಗಂಡ, ಘಟ್ಟವನ್ನೆಲ್ಲ ಅರೆದು ಕುಡಿದವನು, ಸುಮ್ಮನೆ ಕೂತಿದ್ದಾನೆ. ಇವಳು ಸಕ್ಕರೆ ಹಾಕದ ಕಾಫಿಯವನನ್ನು ಕೇಳುತ್ತಾಳೆ!

ಕೇಳಲಿ, ನಾನಾಗಿ ಬಾಯಿ ಬಿಡುವುದಿಲ್ಲ ಎಂದು ಹಟ ಹಿಡಿದೆ. ಅವಳು ಬಂದು “ರೀ” ಅನ್ನಬೇಕು, ಆಗ ಹೇಳುತ್ತೇನೆ. ಅವಳು ಗೊಬ್ಬರದ ಕಂಪನಿಯ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ದಾರಿಯ ಚಿತ್ರ ಬರೆದು, ನಾನು ಊಟಕ್ಕೆ ಕೂರುವ ಜಾಗದ ಎದುರಿಗೇ ಗೋಡೆಗೆ ನೇತುಹಾಕಿದಳು. ನನ್ನನ್ನು ಉರಿಸಲೆಂದೇ ಹಾಕಿದ್ದಾಳೆ ಎನ್ನಿಸಿತು. ಮಾರನೇ ದಿನದಿಂದ ನಾನು ಗೋಡೆಗೆ ಬೆನ್ನು ಮಾಡಿ ಕೂತೆ. ಅವ್ವ ನಕ್ಕಳು. ಸುಮನಾ ನಗಲಿಲ್ಲ.

ಪ್ರ್ಯಾಕ್ಟೀಸ್ ಎಂದು ಒಂದು ಭಾನುವಾರ ಮೂವರೂ ಎಮ್ಮೆದೊಡ್ಡಿ ಕಡೆಗೆ ಹೋಗಿ ಬಂದರು. ಸಂಜೆ ಸುಮನಾ ಅವ್ವನಿಗೆ ಹೇಳುತ್ತಿದ್ದಳು. ದನ ಮೇಯುವ ಕಾವಲಿನಲ್ಲಿ ಅಮೃತಮಹಲ್ ದನಗಳು ರಸ್ತೆಗೆ ಅಡ್ಡ ನಿಂತವಂತೆ, ಆ ಕೊಂಬು ನೋಡಿ ಶಶಿಧರ ಸೈಕಲ್ ಬಿಟ್ಟು ಹಿಂದಕ್ಕೆ ಓಡಿದನಂತೆ, ಇವಳೇ ಮುಂದೆ ಹೋಗಿ ಹೋ ಹೋ ಅಂತ ದಾರಿ ಬಿಡಿಸಿದಳಂತೆ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ಬಂತು. ಆದರೆ ಬಾಗಿಲ ಹಿಂದೆ ನಿಂತು ಕೇಳಿದವನು ಹೇಗೆ ನಗುವುದು? ಸದ್ದು ಮಾಡದೆ ಅಂಗಡಿಗೆ ಹೋದೆ. ಅವಳ ಮುಖದಲ್ಲಿ ಅಷ್ಟು ಬಿಸಿಲು ಬಿದ್ದು ಅಷ್ಟು ಖುಷಿ ಇದ್ದದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. ಅದಕ್ಕೂ ಹೊಟ್ಟೆಕಿಚ್ಚಾಯಿತು.

ಅವಳು ಸ್ಕೂಲಿನಿಂದ ಬಂದು ಮಲಗಿದ್ದ ಒಂದು ಶನಿವಾರ ಮಧ್ಯಾಹ್ನ ಆ ಸೈಕಲನ್ನು ನಾನೇ ಹೊರಗೆ ತೆಗೆದೆ. ಹೈಸ್ಕೂಲಿನಲ್ಲಿ ಕೈ ಬಿಟ್ಟು ಸೈಕಲ್ ಹೊಡೆದವನು ನಾನು. ಈ ಸೈಕಲಿನ ಸೀಟು ಅಂಗೈಯಷ್ಟಿದೆ. ಸ್ಟೇಷನ್ನಿನ ಹತ್ತಿರ ಸಣ್ಣ ಏರಿನಲ್ಲಿ ಯಾವುದೋ ಗೇರು ಒತ್ತಿದೆ, ಚೈನು ಕಳಚಿತು, ಪಂಚೆ ಅದಕ್ಕೆ ಸಿಕ್ಕಿಕೊಂಡಿತು. ಟೀ ಅಂಗಡಿಯ ಮುಂದೆ ಕೂತಿದ್ದ ನಾಗೇಶ ಎದ್ದು ಬಂದು ಬಿಡಿಸಿದ. ನಾಗೇಶನೂ ನನ್ನಂತೆಯೇ ಈರುಳ್ಳಿಯವನು, ಬಾಯಿ ಮಾತ್ರ ನನಗಿಂತ ದೊಡ್ಡದು.

“ಏನ್ ಓಂಕಾರಣ್ಣ, ನೀನೂ ಹೊಂಟ್ಯಾ ಸಮುದ್ರಕ್ಕೆ?”

“ಚೈನ್ ಚೆಕ್ ಮಾಡ್ತಿದ್ದೆ ಕಣೋ.”

“ಅತ್ಗೆ ಯಾವ್ ಘಾಟಿ ಇಳೀತಾರಂತೆ?”

ನಾಲ್ಕು ಜನ ಟೀ ಲೋಟ ಹಿಡಿದು ನನ್ನ ಕಡೆ ನೋಡಿದರು. ಅಜ್ಜಂಪುರಕ್ಕೆಲ್ಲ ದಾರಿ ಹೇಳುವವನಿಗೆ ಹೆಂಡತಿಯ ದಾರಿ ಗೊತ್ತಿಲ್ಲ ಅಂದರೆ ಹೇಗೆ? ಕ್ಯಾಲೆಂಡರಿಗೆ ಬೆನ್ನು ಮಾಡಿ ಉಂಡವನು ನಾನು. “ಚಾರ್ಮಾಡಿ” ಎಂದುಬಿಟ್ಟೆ. “ನಾನೇ ಹೇಳ್ದೆ, ಆಗುಂಬೆ ಬ್ಯಾಡ, ತಿರುವು ಜಾಸ್ತಿ ಅಂತ.”

ನಾಗೇಶ ಫೋನು ತೆಗೆದ. “ಆಗುಂಬೆ ಅಂತ ಕಡೂರ್ ಮೇಷ್ಟ್ರು ಸ್ಟೇಟಸ್ ಹಾಕವ್ನಲ್ಲಣ್ಣ. ಇಲ್ ನೋಡು, ಲಕ್ಕವಳ್ಳಿ, ಎನ್.ಆರ್.ಪುರ, ಕೊಪ್ಪ, ಶೃಂಗೇರಿ, ಆಗುಂಬೆ. ನಿಮ್ಮನೇಲಿ ನಿಂಗೆ ಹೇಳಿಲ್ವಾ?”

ಇಂಗು ತಿಂದ ಮಂಗನ ಹಾಗೆ ನಿಂತೆ. ಚೈನಿನ ಎಣ್ಣೆ ಮೆತ್ತಿದ ಕೈಯಲ್ಲಿ ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ಅವತ್ತಿನಿಂದ ಟೀ ಅಂಗಡಿಯಲ್ಲಿ ನನ್ನನ್ನು ಕಂಡವರೆಲ್ಲ “ಚಾರ್ಮಾಡಿ ಆರಾಮಾ?” ಎನ್ನತೊಡಗಿದರು. ನನ್ನ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. ಮನೆಯಲ್ಲಿ ಮಾತು ಇನ್ನೂ ಕಡಿಮೆಯಾಯಿತು. ಅವಳು ಅವ್ವನ ಜೊತೆ ಕೂತು ರೊಟ್ಟಿ ತಟ್ಟಿದಳು, ಶೇಂಗಾ ಚಟ್ನಿಪುಡಿ ಕುಟ್ಟಿದಳು, ಪಂಕ್ಚರಿನ ಸಾಮಾನು ಚೀಲಕ್ಕೆ ತುಂಬಿದಳು. ನಾನು ಈರುಳ್ಳಿಯ ಧಾರಣೆ ನೋಡುತ್ತ ಕೂತೆ.

ಹೊರಡುವ ದಿನ ಬಂತು. ಬೆಳಗಿನ ಹೊತ್ತು. ಶಶಿಧರ, ಸ್ಫೂರ್ತಿ ಇಬ್ಬರೂ ತರೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಕಾಯುವುದೆಂದೂ, ಇವಳು ಅಲ್ಲಿವರೆಗೆ ಒಬ್ಬಳೇ ಹೋಗಿ ಸೇರಿಕೊಳ್ಳುವುದೆಂದೂ ಮಾತಾಗಿತ್ತು. ಅವ್ವ ಸೊಸೆಯ ಹಣೆಗೆ ವಿಭೂತಿ ಹಚ್ಚಿ “ಹೋಗ್ಬಾರವ್ವ” ಎಂದಳು. ಸುಮನಾ ಅವ್ವನ ಕಾಲು ಮುಟ್ಟಿ, ಹೊರಗೆ ಬಂದು, ಹೆಲ್ಮೆಟ್ ಕಟ್ಟಿಕೊಂಡಳು. ನಾನು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದೆ. “ಹೋಗ್ಬತ್ತೀನಿ ಕಣ್ರೀ” ಎಂದಳು.

ನಾನು ಹೂಂ ಎನ್ನಬೇಕಿತ್ತು. ಅವಳು ಪೆಡಲಿನ ಮೇಲೆ ಕಾಲಿಟ್ಟಳು. ಗೇಟು ದಾಟಿದರೆ ಮುಗಿಯಿತು, ಇನ್ನು ನನ್ನನ್ನು ಯಾವತ್ತೂ ಯಾವ ದಾರಿಯನ್ನೂ ಕೇಳುವುದಿಲ್ಲ ಎನ್ನಿಸಿತು. ಎದೆಯೊಳಗಿನದೆಲ್ಲ ಒಮ್ಮೆಗೇ ಬಾಯಿಗೆ ಬಂತು.

“ಎಲ್ಲಿಗೆ?”

ಹೊರಟು ನಿಂತವರನ್ನು ನಮ್ಮಲ್ಲಿ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ತೀರಾ ತಿಳಿಯಲೇಬೇಕೆಂದರೆ “ದೂರ ಹೊರಟ್ರಾ?” ಎನ್ನುತ್ತಾರೆ. ಎಲ್ಲಿಗೆ ಎಂದು ಕೇಳಿಸಿಕೊಂಡವರು ಹಿಂದಿರುಗಿ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಕೇಳಿದೆ.

“ಅಯ್ಯೋ ನಿನ್ ಬಾಯಿಗಿಷ್ಟು! ಲೇ, ಐವತ್ತಾದ್ರೂ ಬುದ್ಧಿ ಬರ್ಲಿಲ್ವಲ್ಲೋ ನಿಂಗೆ!” ಅವ್ವ ಬಾಗಿಲಲ್ಲೇ ಹಣೆ ಬಡಿದುಕೊಂಡಳು.

ಸುಮನಾ ಸೈಕಲನ್ನು ಕಾಂಪೌಂಡಿಗೆ ಒರಗಿಸಿ, ಹೆಲ್ಮೆಟ್ ಬಿಚ್ಚಿ, ಜಗಲಿಯ ಮೇಲೆ ಬಂದು ಕೂತಳು. ಅವ್ವ ನೀರು ತರಲು ಒಳಗೆ ಓಡಿದಳು. ನನ್ನ ಮುಖವನ್ನೇ ನೋಡುತ್ತ ಸುಮನಾ ಹೇಳಿದಳು.

“ಅಂತೂ ಕೇಳಿದ್ರಲ್ಲ.”

“ಏನು?”

“ಎಲ್ಲಿಗೆ ಅಂತ. ಅವತ್ತು ತುಪ್ಪದ ಬಟ್ಲು ಹಿಡ್ಕೊಂಡು ನಿಂತಿದ್ದೆ, ಕೇಳ್ತೀರಾ ಅಂತ. ಕೇಳ್ಲಿಲ್ಲ. ಊಟದ ಜಾಗದ ಎದುರಿಗೆ ಕ್ಯಾಲೆಂಡರ್ ಹಾಕ್ದೆ. ಬೆನ್ನು ತಿರುಗಿಸ್ಕೊಂಡು ಕೂತ್ರಿ. ಎಲ್ಲಿಗೆ ಹೋಗ್ತೀಯ, ಯಾಕೆ ಹೋಗ್ತೀಯ, ಭಯ ಆಗಲ್ವಾ… ಒಂದು ಮಾತು? ಬೀದಿಯವರೆಲ್ಲ ಕೇಳಿದ್ರು.”

“ನೀನು ಕೇಳಿದ್ಯಾ ನನ್ನ? ಯಾವ ದಾರಿ ಅಂತ? ಆ ಮೇಷ್ಟ್ರನ್ನ ಕೇಳ್ದೆ!”

“ಅವರಿಗೇನು ಗೊತ್ತು? ದಾರಿ ಹಾಕಿದ್ದು ನಾನು. ನೀವು ಊರಿಗೆಲ್ಲ ಹೇಳೋದನ್ನ ಅಡುಗೆಮನೆಯಿಂದ ಇಷ್ಟು ವರ್ಷ ಕೇಳಿದೀನಿ, ಬಾಯಿಪಾಠ ಆಗಿದೆ.”

“ಮತ್ತೆ ಕಡೂರಿಗೆ ಹೋಗೋಕೂ ಕೇಳ್ತಿದ್ದೆ?”

“ನಿಮಗೆ ಹೇಳೋದಂದ್ರೆ ಇಷ್ಟ. ಅದಕ್ಕೆ ಕೇಳ್ತಿದ್ದೆ ಕಣ್ರೀ.”

ಅವ್ವ ನೀರು ತಂದು ಕೊಟ್ಟು, ನಮ್ಮಿಬ್ಬರ ಮುಖ ನೋಡಿ, ಒಳಗೆ ಹೋದಳು. ನಾನು ಕಂಬದ ಬುಡದಲ್ಲೇ ಕೂತೆ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ಹೊಟ್ಟೆ ಉರೀತಿದೆ ಸುಮನಾ” ಎಂದೆ. “ಸಮುದ್ರ ನಾನು ತೋರಿಸ್ಬೇಕು ಅಂತಿದ್ದೆ.”

“ಯಾವಾಗ?”

ಬರೋ ವರ್ಷ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವಳು ಅರ್ಧ ಲೋಟ ನೀರು ಕುಡಿದಳು. ಫೋನು ಬಡಿದುಕೊಂಡಿತು, ತರೀಕೆರೆಯಿಂದ ಶಶಿಧರ. “ಸ್ವಲ್ಪ ಲೇಟಾಗುತ್ತೆ ಸರ್, ಮನೇಲಿ ಮಾತಾಡ್ತಿದೀನಿ” ಎಂದು ಇಟ್ಟಳು. ನನ್ನ ಮೇಲಿನ ಸಿಟ್ಟು ಸ್ವಲ್ಪ ಇಳಿದ ಹಾಗೆ ಕಂಡಿತು.

“ಸರಿ, ಈಗ ನಿಜವಾಗ್ಲೂ ಒಂದು ಕೇಳ್ತೀನಿ, ಹೇಳಿ. ದಾರಿ ಅಲ್ಲ. ನೀವು ಮೊದಲ್ನೇ ಸಲ ಸಮುದ್ರ ನೋಡಿದ್ರಲ್ಲ, ಆಗ ಏನನ್ನಿಸ್ತು?”

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಹೇಳಲು ಉತ್ಸಾಹದಿಂದ ಬಾಯಿ ತೆರೆದೆ. ಮರವಂತೆ ನೆನಪಾಯಿತು. ಅಲ್ಲಿ ರಸ್ತೆಗೆ ಅಂಟಿಕೊಂಡೇ ಸಮುದ್ರ. ಮಳೆ, ಗಾಳಿ, ಲಾರಿಯ ಮೇಲಿನ ಟಾರ್ಪಾಲು ಹಾರುತ್ತಿತ್ತು. ನಾನು ಮೂಟೆಗಳ ಮೇಲೆ ಹತ್ತಿ ಹಗ್ಗ ಬಿಗಿಯುತ್ತಿದ್ದೆ. ಬೆನ್ನ ಹಿಂದೆ ಏನೋ ಮೊರೆಯುತ್ತಿತ್ತು. ಆಮೇಲೆ ಎಷ್ಟೋ ಸಲ ಅದೇ ದಾರಿಯಲ್ಲಿ ಹೋದೆ. ಒಂದು ಸಲ ಈರುಳ್ಳಿ ಮಂಡಿಯವನ ಜೊತೆ ಫೋನಿನಲ್ಲಿ ಜಗಳ, ಒಂದು ಸಲ ನಿದ್ದೆ, ಒಂದು ಸಲ ಪಂಕ್ಚರು. ಎಷ್ಟು ತಡಕಾಡಿದರೂ ಸಮುದ್ರ ಸಿಗಲಿಲ್ಲ, ಹಗ್ಗವೇ ಸಿಕ್ಕಿತು.

“ನಾನು ಸರಿಯಾಗಿ ನೋಡ್ಲೇ ಇಲ್ಲ ಕಣೇ” ಎಂದೆ. “ಈರುಳ್ಳಿ ನೆನೀತಾವೆ ಅಂತ ಟಾರ್ಪಾಲ್ ಕಟ್ತಿದ್ದೆ.”

ಅವಳು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಉಳಿದ ನೀರನ್ನು ಕುಡಿದು ಲೋಟವನ್ನು ನನ್ನ ಕೈಗೆ ಕೊಟ್ಟಳು. ಹೆಲ್ಮೆಟ್ ಕಟ್ಟಿಕೊಂಡು ಸೈಕಲ್ ಹಿಡಿದಳು.

“ನೋಡ್ಕೊಂಡು ಬಂದು ಹೇಳ್ತೀನಿ ಬಿಡಿ” ಎಂದಳು.

“ಹೋಗ್ಬಾ” ಎಂದೆ. ಹೊಟ್ಟೆಕಿಚ್ಚು ಹೋಗಿರಲಿಲ್ಲ, ಇನ್ನೂ ಹೆಚ್ಚಾಗಿತ್ತು. ಅವಳು ತರೀಕೆರೆ ರಸ್ತೆಗೆ ತಿರುಗಿದಳು, ನಾನು ಖಾಲಿ ಲೋಟ ಹಿಡಿದುಕೊಂಡು ಗೇಟಿನವರೆಗೂ ಹೋಗಿ ನಿಂತೆ.