ಬಂಗಲೆ ದಾಟುವವರೆಗೆ

‘ಬಂಗಲೆ ದಾಟೋವರೆಗೆ ನಡಿ. ಆಮೇಲೆ ಹತ್ತುವೆಯಂತೆ’ ಎಂದ ಲಿಂಗಣ್ಣ.

ಕಮಾನುಗಾಡಿಯ ಮೇಲೆ ಒಂದು ಕಾಲಿಟ್ಟಿದ್ದ ಹೆಂಡತಿ ನೀಲಾಂಬಿಕೆ ಕಾಲು ಇಳಿಸಿದಳು. ಹೊಟ್ಟೆಯಲ್ಲಿ ಚೊಚ್ಚಲು, ಸೆರಗಿನಲ್ಲಿ ಅತ್ತೆ ಕಟ್ಟಿದ ಮಡಿಲಕ್ಕಿ. ಎಂಟನೇ ತಿಂಗಳಿಗೆ ಬಿದ್ದ ಬಸುರಿಯನ್ನು ತವರಿಗೆ ಕಳಿಸುವಂತಿಲ್ಲ, ಏಳು ಇವತ್ತಿಗೆ ಮುಗಿಯುತ್ತದೆ. ಹಾರನಹಳ್ಳಿಯ ತವರಿಗೆ ಇವತ್ತೇ ಮುಟ್ಟಬೇಕು. ಬೆಳಗಿನಿಂದ ಅವಳಿಗೆ ಸೊಂಟನೋವು ಬೇರೆ. ಅದನ್ನು ಅವಳು ಹೇಳಿದ್ದಳು. ಅವನು ಕೇಳಿಸಿಕೊಂಡಿದ್ದ ಕೂಡ.

ಆದರೆ ತೆರಿಗೆ ಸಾಹೇಬರು ಪಿರಿಯಾಪಟ್ಟಣದ ರಸ್ತೆಯ ಬಂಗಲೆಯಲ್ಲೇ ಬಿಡಾರ ಹೂಡಿದ್ದರು.

ಲಿಂಗಣ್ಣ ಹುಣಸೂರಿನಲ್ಲಿ ಇಂಗ್ಲಿಷ್ ಮೇಷ್ಟ್ರು. ರಜೆ ಬಂದರೆ ಗಾಡಿ ಕಟ್ಟಿಸಿಕೊಂಡು ಹಳ್ಳಿಹಳ್ಳಿ ಅಲೆಯುವ ಹೊಗೆಸೊಪ್ಪಿನ ದಳ್ಳಾಳಿ. ಆ ದಳ್ಳಾಳಿ ವರಮಾನಕ್ಕೆ ತೆರಿಗೆ ಬಿತ್ತು. ಗಾಡಿಯ ಖರ್ಚು ಕಳೆಯಬಹುದು, ಆದರೆ ದಳ್ಳಾಳಿ ಕೆಲಸಕ್ಕೆ ಓಡಿದಷ್ಟು ಮಾತ್ರ, ಮನೆಗೆ ಓಡಿದ್ದು ಬಿಟ್ಟು ಎಂದರು ಸಾಹೇಬರು. ಅರ್ಧಕ್ಕರ್ಧ ಎಂದಿದ್ದರೆ ಸತ್ಯವೂ ಆಗುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಬಿ.ಎ. ಓದಿದವನು ಅರ್ಧಕ್ಕೆ ಒಪ್ಪುವುದುಂಟೆ? ನಮ್ಮ ಮನೆಯವರು ಆ ಗಾಡಿ ಹತ್ತಿಯೇ ಇಲ್ಲ ಎಂದು ಹೇಳಿಬಂದ. ಅಂದಿನಿಂದ ಊರಿನವರೆಲ್ಲ ಅವನ ಕಣ್ಣಿಗೆ ಚಾಡಿಕೋರರು. ಥೂ, ಅಕ್ಷರವಿಲ್ಲದ ಮಂದಿ.

ಗಾಡಿ ಹೊಡೆಯುವ ಮರಿಯಯ್ಯ ನೊಗದ ಮುಂದೆ ನಿಂತು ನೆಲ ನೋಡಿದ. ‘ಬಸ್ರಿ ಎಂಗ್ಸು ಸ್ವಾಮಿ. ನಡೆಸಬ್ಯಾಡಿ, ನಡೆಸಬಾರ್ದು.’

‘ನಿನ್ನನ್ನ ಯಾರಾದರೂ ಕೇಳಿದರೇನಯ್ಯ?’

ಮರಿಯಯ್ಯ ಎತ್ತಿನ ಬೆನ್ನು ಚಪ್ಪರಿಸಿದ. ಗಾಡಿ ಹೊರಟಿತು.

ಮುಂದೆ ಅವಳು, ಹಿಂದೆ ಖಾಲಿ ಗಾಡಿ. ಒಳಗೆ ಅವಳಿಗೆಂದೇ ಹಾಸಿದ ಹುಲ್ಲು, ಅದರ ಮೇಲೆ ಜಮಖಾನ. ಲಿಂಗಣ್ಣ ಅವಳಿಗೂ ಗಾಡಿಗೂ ಸಂಬಂಧವಿಲ್ಲದವನಂತೆ ರಸ್ತೆಯ ಆಚೆ ಬದಿಗೆ ನಡೆದ. ಅವಳು ನಡುನಡುವೆ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದಳು. ನಿಂತಾಗಲೆಲ್ಲ ಅವನಿಗೆ ಸಿಟ್ಟು ಬರುತ್ತಿತ್ತು. ಬೇಕೆಂದೇ ಮಾಡುತ್ತಾಳೆ ಅನ್ನಿಸುತ್ತಿತ್ತು.

ಬಂಗಲೆಯ ಜಗಲಿಯಲ್ಲಿ ಸಾಹೇಬರು ಮುಖಕ್ಕೆ ಸೋಪು ಹಚ್ಚಿಕೊಂಡು ಕೂತಿದ್ದರು.

‘ಏನು ಮೇಷ್ಟ್ರೇ, ಗಾಡಿ ಖಾಲಿ ಹೋಗ್ತಿದೆ, ತುಂಬುಬಸುರಿ ನಡೀತಿದಾಳೆ. ಯಾರು ಆಕೆ?’

ಲಿಂಗಣ್ಣನ ಬಾಯಿಗೆ ಉತ್ತರ ತಾನಾಗಿ ಬಂತು. ಪಾಠ ಒಪ್ಪಿಸಿದಷ್ಟು ಸಲೀಸಾಗಿ ಬಂತು.

‘ಗೊತ್ತಿಲ್ಲ ಸಾರ್. ಯಾರೋ ದಾರಿಹೋಕಳು.’

‘ಹತ್ತಿಸಿಕೊಂಡು ಹೋಗ್ರೀ, ಪುಣ್ಯ ಬರುತ್ತೆ. ಹಾಂ, ನಿಮ್ಮ ಗಾಡಿ ಖರ್ಚು ನಿನ್ನೆಯೇ ಪೂರ್ತಿ ಒಪ್ಪಿಬಿಟ್ಟೆ. ಯಾರು ನೋಡ್ಕೊಂಡು ಕೂತಿರ್ತಾರೆ ಅದನ್ನೆಲ್ಲ.’ ಸಾಹೇಬರು ಕನ್ನಡಿಯ ಕಡೆ ತಿರುಗಿದರು.

ನೀಲಾಂಬಿಕೆ ತಿರುಗಿ ನೋಡಲಿಲ್ಲ.

ಬಂಗಲೆಯ ಬೇಲಿ ದಾಟಿದ್ದೇ ಲಿಂಗಣ್ಣ ಖುಷಿಯಿಂದ ಓಡಿಬಂದ. ಪೂರ್ತಿ ಒಪ್ಪಿದರಂತೆ, ಕೇಳಿಸಿತಲ್ಲ, ಇನ್ನು ಹತ್ತು ಎಂದ.

‘ಕೇಳಿಸ್ತು. ದಾರಿಹೋಕರು ನಡ್ಕೊಂಡೇ ಹೋಗ್ತಾರೆ ಕಣ್ರೀ’ ಎಂದಳು ನೀಲಾಂಬಿಕೆ. ದನಿ ಏರಲಿಲ್ಲ. ‘ನೀವು ಹತ್ತಿ.’

ಇದೊಳ್ಳೆ ಗ್ರಹಚಾರ. ಹೆಂಗಸರ ಹಟ, ಇನ್ನೊಂದು ಮೈಲಿ ನಡೆದರೆ ತಾನೇ ಇಳಿಯುತ್ತದೆ ಎಂದುಕೊಂಡು ಲಿಂಗಣ್ಣ ಗಾಡಿ ಹತ್ತಿ ಜಮಖಾನದ ಮೇಲೆ ಕೂತ. ಅವನು ಕೂತದ್ದೇ ಮರಿಯಯ್ಯ ಚಾವಟಿಯನ್ನು ಬಗಲಿಗೆ ಸಿಕ್ಕಿಸಿಕೊಂಡು ಹೋಗಿ ಅವಳ ಜೊತೆ ಹೆಜ್ಜೆ ಹಾಕತೊಡಗಿದ. ಲಿಂಗಣ್ಣ ಕೂಗಿದ. ಇಬ್ಬರೂ ತಿರುಗಲಿಲ್ಲ.

ನಡೆದು ನಡೆದು ಅವಳ ಸೆರಗಿನ ಗಂಟು ಸಡಿಲವಾಗಿತ್ತು. ಅಕ್ಕಿ ರಸ್ತೆಯುದ್ದಕ್ಕೂ ಉದುರುತ್ತಿತ್ತು. ಅವಳು ಅದನ್ನು ಬಿಗಿಯಲಿಲ್ಲ. ಹೊಡೆಯುವವರಿಲ್ಲದ ಎತ್ತುಗಳು ಹೆಜ್ಜೆಗೊಮ್ಮೆ ಕತ್ತು ಬಗ್ಗಿಸಿ ಧೂಳಿನಿಂದ ಅಕ್ಕಿ ನೆಕ್ಕುತ್ತ, ನಿಲ್ಲುತ್ತ, ಮತ್ತೆ ಎಳೆಯುತ್ತ ಹೋದವು. ಪ್ರತಿ ಸಲವೂ ಗಾಡಿ ಮುಗ್ಗರಿಸಿತು. ಒಳಗೆ ಲಿಂಗಣ್ಣ ಕಮಾನಿನ ಗಳುವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದ.