ಆಡ್ಲರ್ ಎಂಬುವರ ಗೋತ್ರ

ನಮ್ಮ ಮಗಳು ಧೃತಿಯ ಮದುವೆ ಮಾತಿನಲ್ಲೇ ಮುರಿದುಬೀಳುವುದರಲ್ಲಿತ್ತು. ಕಾರಣ ಇಷ್ಟೇ: ಹುಡುಗನ ಅಪ್ಪ ಅಮ್ಮ ಇಬ್ಬರಿಗೂ ಹುಟ್ಟಿನಿಂದಲೇ ಒಂದೇ ಸರ್‌ನೇಮು.

ಹುಡುಗ ಯೋನಾಸ್ ಆಡ್ಲರ್. ಜರ್ಮನಿಯವನು, ಇಲ್ಲೇ ಸಿಂಗಪುರದಲ್ಲಿ ಧೃತಿಯ ಆಫೀಸಿನಲ್ಲಿ ಎಂಜಿನಿಯರು. ಭಾನುವಾರ ನಮ್ಮ ಸೆಂಗ್‌ಕಾಂಗ್ ಮನೆಗೆ ಹೆಣ್ಣು ಕೇಳಲು ತಾನೇ ಬಂದ. ನಮ್ಮ ಯಜಮಾನರು ಬದರೀನಾಥ, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯವರು. ಜಾತಿ, ಧರ್ಮ ಕೇಳುವುದು ಅನಾಗರಿಕ ಎಂದು ಅವರ ಎಣಿಕೆ. ಹಾಗಾಗಿ ತಾಯಿಯ ತೌರಿನವರು ಯಾರು ಎಂದು ಮಾತ್ರ ಕೇಳಿದರು.

"ಅಮ್ಮನೂ ಆಡ್ಲರೇ," ಎಂದ ಹುಡುಗ. "ಅಪ್ಪ ಕ್ರೈಸ್ತ ಆಡ್ಲರ್, ಅಮ್ಮ ಯಹೂದಿ ಆಡ್ಲರ್."

ಇವರು ಬಿಸಿಬೇಳೆಬಾತಿನ ಚಮಚ ಕೆಳಗಿಟ್ಟರು. "ಸಗೋತ್ರ! ಅಣ್ಣ ತಂಗಿ ಮದುವೆಯಾದ ಹಾಗಾಯ್ತಲ್ಲೇ ಹಂಸಾ! ಇದು ನಮಗೆ ಸೆಟ್ ಆಗಲ್ಲ."

ನಮಗಾದರೋ ಸರ್‌ನೇಮೇ ಇಲ್ಲ. ಹಳೇ ಮೈಸೂರಿನವರು, ಊರಿಗೊಂದು ಇನಿಷಿಯಲ್ಲು, ಅಪ್ಪನಿಗೊಂದು, ಮುಗಿಯಿತು. ಧೃತಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮಿನ ಜಾಗದಲ್ಲಿ ಕೂತಿರುವುದು ಇವರೇ. ಇಂಥವರಿಗೆ ಪಕ್ಕದವರ ಸರ್‌ನೇಮಿನ ಉಸಾಬರಿ!

ಹುಡುಗ ಪಾಪ, ಇಂಗ್ಲಿಷಿನಲ್ಲಿ ತಾಳ್ಮೆಯಿಂದ ಬಿಡಿಸಿ ಹೇಳಿದ. ಆಡ್ಲರ್ ಎಂದರೆ ಹದ್ದು. ಮನೆಗಳಿಗೆ ನಂಬರಿಲ್ಲದ ಕಾಲದಲ್ಲಿ ಬಾಗಿಲ ಮೇಲೆ ಹದ್ದಿನ ಚಿತ್ರವಿದ್ದರೆ ಒಳಗಿನವರು ಆಡ್ಲರ್. ಇನ್ನೂರು ವರ್ಷದ ಕೆಳಗೆ ಯಹೂದಿಗಳೆಲ್ಲ ಒಂದೊಂದು ಸರ್‌ನೇಮು ಇಟ್ಟುಕೊಳ್ಳಿ ಎಂದು ಅಲ್ಲಿನ ಸರ್ಕಾರಗಳು ಹುಕುಂ ಮಾಡಿದಾಗಲೂ ಎಷ್ಟೋ ಊರಲ್ಲಿ ಎಷ್ಟೋ ಮನೆಯವರು ಅದನ್ನೇ ಆರಿಸಿಕೊಂಡರು. ಹೀಗೆ ಆಡ್ಲರುಗಳು ಸಾವಿರಾರು ಜನ, ಒಬ್ಬರಿಗೊಬ್ಬರು ಸಂಬಂಧವಿಲ್ಲ.

"ಅದೆಲ್ಲಾ ಸರಿಯಪ್ಪಾ. ಆದ್ರೆ ರಕ್ತ ಹತ್ತಿರ ಆಗ್ಬಾರ್ದು. ಸೈನ್ಸೂ ಅದನ್ನೇ ಹೇಳುತ್ತೆ," ಎಂದರು ಇವರು.

ಧೃತಿಯ ಕಣ್ಣು ತುಂಬಿತು. ನನಗೆ ಮೈಯೆಲ್ಲ ಉರಿಯಿತು. ಸಿಟ್ಟು ಬಂದಾಗ ನನ್ನ ಬಾಯಿಗೆ ಮದುವೆಗೆ ಮುಂಚಿನ ಕರೆಯೇ ಬರುತ್ತದೆ.

"ಸಾಕು ಮಾಡಿ ಮಾವ!"

ಯೋನಾಸ್ ತಲೆಯೆತ್ತಿದ. ಧೃತಿಯ ಹತ್ತಿರ ಕನ್ನಡ ಕಲಿಯುತ್ತಿದ್ದಾನೆ. ಪಾಠ ನೆಂಟರಿಷ್ಟರ ತನಕ ಬಂದಿದೆ. "ಆಂಟಿ, ಮಾವ ಅಂದ್ರೆ ಅಮ್ಮನ ತಮ್ಮ, ಅಲ್ವಾ?"

"ಹೌದಪ್ಪಾ. ಇವರು ನಮ್ಮಮ್ಮನ ಒಡಹುಟ್ಟಿದ ತಮ್ಮ. ನಾನು ತೊಟ್ಟಿಲಲ್ಲಿದ್ದಾಗ್ಲೇ ಇವರಿಗೆ ಅಂತ ಮಾತಾಗಿತ್ತು. ನನ್ನನ್ನ ಯಾರೂ ಕೇಳ್ಲಿಲ್ಲ."

ಕೊನೆಯ ಮಾತು ಆಡಬೇಕೆಂದಿರಲಿಲ್ಲ. ಬಂದುಬಿಟ್ಟಿತು.

ಯೋನಾಸ್ ಬೆರಳು ಮಡಿಸಿ ಲೆಕ್ಕ ಹಾಕಿದ. "ಹಾಗಾದ್ರೆ ನೀವು ಧೃತಿಗೆ ಕಸಿನ್ನೂ ಹೌದು."

"ಹೌದು."

"ಇದನ್ನ ನಮ್ಮ ಅಪ್ಪ ಅಮ್ಮಂಗೆ ಹೇಳ್ಬೇಕಾ?" ಎಂದು ಧೃತಿಯನ್ನು ಕೇಳಿದ.

"ಬೇಡ ಲಾ," ಎಂದಳು ಅವಳು ಸಿಂಗಪುರದವರ ಧಾಟಿಯಲ್ಲಿ, ಮೂಗೊರೆಸಿಕೊಂಡು.

ಇವರು ತಟ್ಟೆಯನ್ನೇ ನೋಡುತ್ತ ಮೆಲ್ಲಗೆ, "ಕೇಳಿದ್ದಿದ್ರೆ ಏನಂತಿದ್ದೆ ಹಂಸಾ?" ಎಂದರು.

"ಮೊದಲು ನಿಮ್ಮ ಮಗಳನ್ನ ಕೇಳಿ."

ಕೇಳಿದರು. ಅವಳು ಹೂಂ ಅಂದಳು. ಡಿಸೆಂಬರಿನಲ್ಲಿ ಮದುವೆ.

ನನ್ನ ಉತ್ತರಕ್ಕೆ ಇನ್ನೂ ಕಾಯುತ್ತಿದ್ದಾರೆ.